ವೈದ್ಯರು ಸಂಸತ್ತಿಗೆ ಹೋದಾಗ



ಕಳೆದ ತಿಂಗಳು ಒಂದು ರಾತ್ರಿ ಊಟ ಮುಗಿಸಿ ಅಂಗಳದಲ್ಲಿ ಕುಳಿತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಫೋನ್ ಬಂತು. ಅವನೀಗ ಪಕ್ಕದ ತಾಲೂಕಿನಲ್ಲಿ ಹೆಸರು ಗಳಿಸಿದ ವೈದ್ಯ. ಎಂಟನೆಯ ತರಗತಿಯಲ್ಲಿ ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದವನು. ಕುಶಲೋಪರಿಯಾದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಒಂದ ಪಾರ್ಟಿಯವ್ರು ಬಂದು ಇಲೆಕ್ಷನ್ನಿಗೆ ನಿಲ್ಲ್ರಿ ಅನ್ನಾಕತ್ತಾರ. ಮನ್ಯಾಗ ಅವ್ವ ಬ್ಯಾಡ ಅಂತಾಳ. ನೀವೇನಂತೀರಿ?" ಎಂದು ಕೇಳಿದ. ನಾನು ತಕ್ಷಣ ಉತ್ತರ ಕೊಡಲಿಲ್ಲ. "ಎಂಟು ದಿವಸ ಸಮಯ ಕೊಡಪಾ, ಬರೆದು ತಿಳಿಸುತ್ತೇನೆ" ಎಂದೆ. ಎಂಟು ದಿವಸ ಹೋಗಿ ಒಂದು ತಿಂಗಳೇ ಆಯಿತು. ಅವನಿಗೆ ಬರೆಯಹೊರಟ ಪತ್ರವೇ ಬೆಳೆದು ಈ ಲೇಖನವಾಗಿದೆ. ಅವನ ಅಪ್ಪಣೆ ಪಡೆದೇ ಎಲ್ಲರ ಮುಂದಿಡುತ್ತಿದ್ದೇನೆ. ಹೆಸರು ಮಾತ್ರ ಹೇಳುವುದಿಲ್ಲ.

ವೈದ್ಯನಾದವನು ರಾಜಕೀಯಕ್ಕೆ ಹೋಗಬಹುದೇ ಎಂಬ ಪ್ರಶ್ನೆಗೆ ಇತಿಹಾಸದ ಮೇಷ್ಟ್ರು ತನಗೆ ತಿಳಿದ ರೀತಿಯಲ್ಲಷ್ಟೇ ಉತ್ತರಿಸಬಲ್ಲ. ಹಿಂದೆ ಹೋದವರು ಯಾರು, ಅವರು ಎಲ್ಲಿಂದ ಬಂದರು, ಏನು ಮಾಡಿದರು, ಏನು ಗಳಿಸಿದರು, ಏನು ಬಿಟ್ಟುಹೋದರು ಎಂದು ನೋಡುವುದೇ ಆ ರೀತಿ. ಹಾಗೆ ನೋಡಲು ನಾನು ಇಬ್ಬರನ್ನು ಆರಿಸಿಕೊಂಡಿದ್ದೇನೆ. ಒಬ್ಬರು ನಮ್ಮ ಭಾಗದವರು, ಸ್ವಾತಂತ್ರ್ಯ ಹೋರಾಟದ ಕಾಲದವರು, ಕಾಂಗ್ರೆಸ್ಸಿನವರು. ಇನ್ನೊಬ್ಬರು ಹಳೆಯ ಮೈಸೂರು ಸೀಮೆಯವರು, ನಮ್ಮ ಕಾಲದವರು, ಭಾರತೀಯ ಜನತಾ ಪಕ್ಷದ ಲೋಕಸಭಾ ಸದಸ್ಯರು. ಇಬ್ಬರೂ ಮೊದಲು ವೈದ್ಯರು, ಆಮೇಲೆ ಸಂಸದರು.

ಮೊದಲಿನವರ ಹೆಸರನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಮನೆಯಲ್ಲಿ ಕೇಳಿದ್ದೆ. ನಾನು ಚಿಕ್ಕವನಿದ್ದಾಗ ಹುಕ್ಕೇರಿಯ ಸುತ್ತಲಿನ ಹಳ್ಳಿಗಳಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆಯಾದರೆ ಎರಡು ಊರುಗಳ ಹೆಸರು ಕೇಳಿಬರುತ್ತಿದ್ದವು: ಒಂದು ಮಿರಜ, ಇನ್ನೊಂದು ಘಟಪ್ರಭಾ. ಮಿರಜದಲ್ಲಿ ಪಾದ್ರಿ ದಾಕ್ತರರು ಕಟ್ಟಿದ ದವಾಖಾನೆ. ಘಟಪ್ರಭಾದಲ್ಲಿ ನಮ್ಮವರೇ ಕಟ್ಟಿದ ಆರೋಗ್ಯಧಾಮ. ನನ್ನ ಅಜ್ಜನನ್ನು ಚಕ್ಕಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಘಟಪ್ರಭಾಕ್ಕೆ ಒಯ್ದದ್ದನ್ನು, ಅವನು ಹದಿನೈದು ದಿವಸದ ಮೇಲೆ ತಾನೇ ನಡೆದು ಮನೆಯ ಹೊಸ್ತಿಲು ದಾಟಿದ್ದನ್ನು ನನ್ನ ಅವ್ವ ಎಷ್ಟೋ ಸಲ ಹೇಳುತ್ತಿದ್ದಳು. "ಹರ್ಡೀಕರ ದಾಕ್ತರ ಕಟ್ಟಿಸಿದ್ದಪಾ ಅದು" ಎಂದು ಕೊನೆಯಲ್ಲಿ ತಪ್ಪದೇ ಸೇರಿಸುತ್ತಿದ್ದಳು.

ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರು 1889ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಕಲ್ಕತ್ತೆಯಲ್ಲಿ ವೈದ್ಯಶಿಕ್ಷಣ ಪಡೆದು, ಮೊದಲನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕೆಗೆ ಹೋಗಿ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನು ಅಭ್ಯಾಸ ಮಾಡಿದರು. ಅಲ್ಲಿ ಲಾಲಾ ಲಜಪತರಾಯರ ಜೊತೆ ಸೇರಿ ಭಾರತದ ಸ್ವಾತಂತ್ರ್ಯದ ಪರವಾಗಿ ಕೆಲಸ ಮಾಡಿದರು. 1921ರಲ್ಲಿ ತಾಯ್ನಾಡಿಗೆ ಮರಳಿದ ಅವರು ಹುಬ್ಬಳ್ಳಿಯಲ್ಲಿ ತರುಣರನ್ನು ಕೂಡಿಸಿ ಸೇವಾ ಮಂಡಳವನ್ನು ಕಟ್ಟಿದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ಈ ತಂಡದವರು ಸೆರೆಮನೆ ಸೇರಿ, ಕ್ಷಮಾಪಣೆ ಬರೆದುಕೊಡಲು ಒಪ್ಪದೇ ಗಟ್ಟಿಯಾಗಿ ನಿಂತರು. ಈ ಶಿಸ್ತನ್ನು ಕಂಡೇ ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದ ಕಾಂಗ್ರೆಸ್ ಅಧಿವೇಶನವು ಹಿಂದುಸ್ತಾನಿ ಸೇವಾದಳದ ಸ್ಥಾಪನೆಗೆ ಒಪ್ಪಿಗೆ ಕೊಟ್ಟಿತು. ಮರುವರ್ಷ ನಮ್ಮ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಅಧಿವೇಶನ ನಡೆದಾಗ ಹರ್ಡೀಕರರ ಸ್ವಯಂಸೇವಕರು ದುಡಿದರು. 1929ರಲ್ಲಿ ಹರ್ಡೀಕರರು ಡಾ. ಕೊಕಟನೂರರಂಥ ಸಹೋದ್ಯೋಗಿಗಳೊಡನೆ ಘಟಪ್ರಭಾದಲ್ಲಿ ಕರ್ನಾಟಕ ಆರೋಗ್ಯಧಾಮವನ್ನು ಆರಂಭಿಸಿದರು. ಸ್ವಾತಂತ್ರ್ಯಾನಂತರ 1952ರಿಂದ 1962ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಬಂತು. 1975ರಲ್ಲಿ ತೀರಿಕೊಂಡರು.

ಇಲ್ಲಿ ಒಂದು ಕುತೂಹಲದ ಸಂಗತಿಯನ್ನು ಹೇಳಬೇಕು. ಹರ್ಡೀಕರರಂತೆಯೇ ಕಲ್ಕತ್ತೆಯಲ್ಲಿ ವೈದ್ಯವಿದ್ಯೆ ಕಲಿತ ಇನ್ನೊಬ್ಬರು ನಾಗಪುರದ ಡಾ. ಕೇಶವ ಬಲಿರಾಮ ಹೆಡಗೇವಾರರು. ಒಬ್ಬರು 1923ರಲ್ಲಿ ಸೇವಾದಳವನ್ನು ಕಟ್ಟಿದರು. ಇನ್ನೊಬ್ಬರು 1925ರಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಂಘವನ್ನು ಕಟ್ಟಿದರು. ಹೆಡಗೇವಾರರು ವೈದ್ಯವೃತ್ತಿಯನ್ನು ನಡೆಸಲಿಲ್ಲ, ಚುನಾವಣೆಗೂ ನಿಲ್ಲಲಿಲ್ಲ. ಆದರೆ ಅವರು ಹಾಕಿದ ಬೀಜದಿಂದಲೇ 1951ರಲ್ಲಿ ಜನಸಂಘವೂ 1980ರಲ್ಲಿ ಭಾರತೀಯ ಜನತಾ ಪಕ್ಷವೂ ಬೆಳೆದವು. ದೇಶದ ಎರಡು ದೊಡ್ಡ ರಾಜಕೀಯ ಧಾರೆಗಳ ಶಿಸ್ತಿನ ಪಡೆಗಳನ್ನು ಎರಡು ವರ್ಷದ ಅಂತರದಲ್ಲಿ ಕಟ್ಟಿದವರಿಬ್ಬರೂ ವೈದ್ಯರೇ ಎಂಬುದನ್ನು ನಾನು ಹತ್ತನೆಯ ತರಗತಿಗೆ ಪಾಠ ಹೇಳುವಾಗ ಪ್ರತಿ ವರ್ಷ ಹೇಳುತ್ತಿದ್ದೆ. ಆದ್ದರಿಂದ ವೈದ್ಯರು ರಾಜಕೀಯಕ್ಕೆ ಬರುವುದು, ಅದರಲ್ಲಿಯೂ ಸಂಪ್ರದಾಯಶೀಲ ಪಕ್ಷಕ್ಕೆ ಬರುವುದು, ಇತ್ತೀಚಿನ ಹೊಸ ಚಾಳಿಯಲ್ಲ.

ಹರ್ಡೀಕರರ ಕಾಲದ ಹಣದ ಲೆಕ್ಕವನ್ನೂ ಸ್ವಲ್ಪ ನೋಡೋಣ. 1954ರ ಕಾಯಿದೆಯ ಪ್ರಕಾರ ಸಂಸದರ ಸಂಬಳ ತಿಂಗಳಿಗೆ 400 ರೂಪಾಯಿ. ಮೊದಲನೆಯ ಸಾರ್ವತ್ರಿಕ ಚುನಾವಣೆಯಲ್ಲಿ ಲೋಕಸಭೆಯ ಅಭ್ಯರ್ಥಿ 25,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿರಲಿಲ್ಲ. ಠೇವಣಿ 500 ರೂಪಾಯಿ. ಸಂಸದರಿಗೆ ಪಿಂಚಣಿ ಎಂಬುದು 1976ರವರೆಗೆ ಇರಲಿಲ್ಲ. ಕ್ಷೇತ್ರಾಭಿವೃದ್ಧಿ ನಿಧಿ ಎಂಬುದು 1993ರವರೆಗೆ ಇರಲಿಲ್ಲ. ಇವೆಲ್ಲಕ್ಕಿಂತ ಮುಖ್ಯವಾಗಿ, ಅಭ್ಯರ್ಥಿಯ ಆಸ್ತಿ ಎಷ್ಟು ಎಂದು ಕೇಳುವ ಹಕ್ಕು ಮತದಾರನಿಗೆ ಇರಲಿಲ್ಲ. ಹೊಲ ಎಷ್ಟು, ಬಂಗಾರ ಎಷ್ಟು, ಸಾಲ ಎಷ್ಟು ಎಂದು ಬರೆದ ಕಾಗದವನ್ನು ಯಾರೂ ಬೇಡಲಿಲ್ಲ, ಯಾರೂ ಕೊಡಲಿಲ್ಲ. ಆ ಪೀಳಿಗೆಯವರ ಪ್ರಾಮಾಣಿಕತೆಯನ್ನು ಜನ ಕಣ್ಣಿಂದ ಕಂಡು, ಕಿವಿಯಿಂದ ಕೇಳಿ ತಾವೇ ತೂಗಬೇಕಾಗಿತ್ತು. ಘಟಪ್ರಭಾದಲ್ಲಿ ನಿಂತ ಕಟ್ಟಡವೇ ಹರ್ಡೀಕರರ ಅಫಿಡವಿಟ್ ಎಂದು ನನ್ನ ಅವ್ವನಂಥವರು ತಿಳಿದುಕೊಂಡರು.

ಸಾಮಾನ್ಯ ಸರ್ಕಾರಿ ನೌಕರನ ಸ್ಥಿತಿ ಬೇರೆ. ಹೈಸ್ಕೂಲು ಮಾಸ್ತರನಾಗಿ ನಾನು ಸೇವೆಯ ಉದ್ದಕ್ಕೂ ಪ್ರತಿ ವರ್ಷ ಆಸ್ತಿ ಮತ್ತು ಋಣಪಟ್ಟಿಯನ್ನು ತುಂಬಿ ಇಲಾಖೆಗೆ ಕೊಡುತ್ತಿದ್ದೆ. ಪಿತ್ರಾರ್ಜಿತ ಹೊಲ ಮೂರು ಎಕರೆ, ಮನೆ ಒಂದು, ಸೊಸೈಟಿಯ ಸಾಲ ಇಷ್ಟು, ಹೆಂಡತಿಯ ಮೈಮೇಲಿನ ಬಂಗಾರ ಇಷ್ಟು ತೊಲೆ. ಸ್ಕೂಟರು ಕೊಂಡಾಗಲೂ ಬರೆದೆ. ಒಂದು ವರ್ಷ ಎಮ್ಮೆ ಮಾರಿದ್ದನ್ನು ಬರೆಯಬೇಕೋ ಬೇಡವೋ ಎಂದು ಗುಮಾಸ್ತರನ್ನು ಕೇಳಿ ನಗೆಪಾಟಲಾದದ್ದೂ ಉಂಟು. ಮಾಸ್ತರನಿಗೆ ಇಷ್ಟು ಕಟ್ಟುನಿಟ್ಟಿದ್ದರೆ, ನಮ್ಮೆಲ್ಲರಿಗೂ ಕಾನೂನು ಮಾಡುವವರಿಗೆ ಏಕಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ನಾವು ಚರ್ಚಿಸುತ್ತಿದ್ದೆವು. ಚರ್ಚೆ ಚಹಾದೊಂದಿಗೆ ಮುಗಿಯುತ್ತಿತ್ತು.

ಆದರೆ ಅಹಮದಾಬಾದಿನಲ್ಲಿ ನಮ್ಮಂತೆಯೇ ಪಾಠ ಹೇಳುವ ಕೆಲವರು ಚಹಾ ಕುಡಿದು ಸುಮ್ಮನಾಗಲಿಲ್ಲ. ಅಲ್ಲಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಪ್ರಾಧ್ಯಾಪಕರು 1999ರಲ್ಲಿ ಪ್ರಜಾಪ್ರಭುತ್ವ ಸುಧಾರಣೆಗಾಗಿ ಒಂದು ಸಂಘವನ್ನು ಕಟ್ಟಿಕೊಂಡು ದಿಲ್ಲಿಯ ಹೈಕೋರ್ಟಿಗೆ ಹೋದರು. ಅದೇ ಎಡಿಆರ್ ಎಂಬ ಹೆಸರಿನಿಂದ ಪತ್ರಿಕೆಗಳಲ್ಲಿ ಬರುವ ಸಂಸ್ಥೆ. 2002ರ ಮೇ 2ರಂದು ಸುಪ್ರೀಂ ಕೋರ್ಟು, ಅಭ್ಯರ್ಥಿಯ ವಿದ್ಯಾರ್ಹತೆ, ಕ್ರಿಮಿನಲ್ ಪ್ರಕರಣ, ಆಸ್ತಿ ಮತ್ತು ಸಾಲಗಳನ್ನು ತಿಳಿಯುವುದು ಮತದಾರನ ಹಕ್ಕು ಎಂದು ತೀರ್ಪು ಕೊಟ್ಟಿತು. ರಾಜಕೀಯ ಪಕ್ಷಗಳಿಗೆ ಇದು ಹಿಡಿಸಲಿಲ್ಲ. ಆ ತೀರ್ಪನ್ನು ಸಡಿಲಗೊಳಿಸುವ ತಿದ್ದುಪಡಿಯನ್ನು ತರಲಾಯಿತು. 2003ರ ಮಾರ್ಚ್ 13ರಂದು ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನೂ ತಳ್ಳಿಹಾಕಿತು. 2013ರಲ್ಲಿ ಅಫಿಡವಿಟ್ಟಿನ ಯಾವ ಕಲಮನ್ನೂ ಖಾಲಿ ಬಿಡಬಾರದೆಂದೂ, 2018ರಲ್ಲಿ ಆದಾಯದ ಮೂಲವನ್ನೂ ಹೇಳಬೇಕೆಂದೂ ಆದೇಶಗಳು ಬಂದವು. ಸುಳ್ಳು ಬರೆದರೆ ಆರು ತಿಂಗಳವರೆಗೆ ಸೆರೆಮನೆಯ ಶಿಕ್ಷೆಗೆ ಅವಕಾಶವಿದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. 2004ರ ಚುನಾವಣೆಯಲ್ಲಿ ನಾನು ಮತಗಟ್ಟೆಯ ಅಧಿಕಾರಿಯಾಗಿದ್ದೆ. ಮಸ್ಟರಿಂಗಿನ ದಿವಸ ಮತಯಂತ್ರ, ಶಾಯಿ, ಅರಗು, ಲಕೋಟೆಗಳನ್ನು ಎಣಿಸಿ ತೆಗೆದುಕೊಳ್ಳುವಾಗ ಪಕ್ಕದ ಗೋಡೆಯ ಮೇಲೆ ಅಭ್ಯರ್ಥಿಗಳ ಅಫಿಡವಿಟ್ಟುಗಳನ್ನು ಅಂಟಿಸಿದ್ದರು. ನಾನು ಓದಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಗಲೆಂದು ಓಡಿದೆ. ತರಗತಿಯಲ್ಲಿ ಪೌರನೀತಿಯ ಪಾಠ ಮಾಡಿ "ಮತದಾರನು ಜಾಗೃತನಾಗಿರಬೇಕು" ಎಂದು ಕರಿಹಲಗೆಯ ಮೇಲೆ ಬರೆಯುತ್ತಿದ್ದವನು ನಾನೇ. ಮುಂದಿನ ಎರಡು ಲೋಕಸಭಾ ಚುನಾವಣೆಗಳಲ್ಲೂ ಹೀಗೆಯೇ ಆಯಿತು. ಒಬ್ಬ ಅಭ್ಯರ್ಥಿಯ ಅಫಿಡವಿಟ್ಟನ್ನು ಮೊದಲ ಪುಟದಿಂದ ಕೊನೆಯವರೆಗೆ ನಾನು ಓದಿದ್ದು ನಿವೃತ್ತಿಯಾದ ಮೇಲೆ, 2024ರಲ್ಲಿ. ಅದು ನಮ್ಮ ಚಿಕ್ಕೋಡಿ ಕ್ಷೇತ್ರದವರದ್ದೂ ಅಲ್ಲ, ದೂರದ ಬೆಂಗಳೂರು ಗ್ರಾಮಾಂತರ ಕ್ಷೇತ್ರದ ಡಾ. ಸಿ. ಎನ್. ಮಂಜುನಾಥರದ್ದು. ಹೃದ್ರೋಗತಜ್ಞರೊಬ್ಬರು ನಿವೃತ್ತರಾಗಿ ಮೂರು ತಿಂಗಳೊಳಗೆ ಚುನಾವಣೆಗೆ ನಿಂತಿದ್ದಾರೆ ಎಂಬ ಸುದ್ದಿಯೇ ನನ್ನನ್ನು ಅದರತ್ತ ಸೆಳೆಯಿತು. ಅವರು ನನಗಿಂತ ಒಂದು ವರ್ಷಕ್ಕೆ ದೊಡ್ಡವರು ಎಂಬುದೂ ಒಂದು ಕಾರಣ.

ಮಂಜುನಾಥರು 1957ರಲ್ಲಿ ಹುಟ್ಟಿದರು. ಊರು ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲೂಕಿನ ಚೋಳೇನಹಳ್ಳಿ. ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್, ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ ಎಂಡಿ, ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಹೃದ್ರೋಗ ವಿಭಾಗದ ಡಿಎಂ ಪದವಿಗಳನ್ನು ಪಡೆದರು. 1980ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯನ್ನು ಸೇರಿದವರು ಅಲ್ಲಿಯೇ ಉಳಿದರು. ಅದು ರಾಜ್ಯ ಸರ್ಕಾರದ ಸ್ವಾಯತ್ತ ಸಂಸ್ಥೆ. ಆ ವಿದ್ಯೆಗೆ ಖಾಸಗಿ ಆಸ್ಪತ್ರೆಗಳಲ್ಲಿ ಸಿಗುತ್ತಿದ್ದ ಹಣದ ಬಗ್ಗೆ ವೈದ್ಯನಾದ ನಿನಗೆ ನಾನು ಹೇಳಬೇಕಾಗಿಲ್ಲ.

ಅವರು ಹೆಸರು ಮಾಡಿದ್ದು ಬಡವರ ಕಾಯಿಲೆಯೊಂದರ ಚಿಕಿತ್ಸೆಯಲ್ಲಿ. ಮಕ್ಕಳಿಗೆ ಗಂಟಲುನೋವು ಬಂದು ಸರಿಯಾದ ಔಷಧ ಸಿಗದೇ ಹೋದರೆ ಮುಂದೆ ಸಂಧಿವಾತದ ಜ್ವರ ಬರುತ್ತದೆ. ಅದು ಕೆಲವರ ಹೃದಯದ ಕವಾಟವನ್ನು ಹಿಡಿಯುತ್ತದೆ. ಕವಾಟದ ಬಾಯಿ ಕಿರಿದಾಗಿ, ಹರೆಯದ ಹೆಣ್ಣುಮಕ್ಕಳು ನೀರಿನ ಕೊಡ ಎತ್ತಲಾರದೇ ಏದುಸಿರು ಬಿಡುತ್ತಾರೆ. ಇಕ್ಕಟ್ಟಾದ ಮನೆಗಳಲ್ಲಿ ಬಹಳ ಜನ ವಾಸಿಸುವ, ದವಾಖಾನೆ ದೂರವಿರುವ ಕಡೆಗಳಲ್ಲಿ ಇದು ಹೆಚ್ಚು. ಮೊದಲು ಇದಕ್ಕೆ ಎದೆ ಸೀಳಿ ಶಸ್ತ್ರಚಿಕಿತ್ಸೆ ಮಾಡಬೇಕಾಗಿತ್ತು. 1980ರ ದಶಕದಲ್ಲಿ ಜಪಾನಿನ ವೈದ್ಯ ಕಂಜಿ ಇನೊವೆ ಅವರು ತೊಡೆಯ ಸಂದಿಯ ರಕ್ತನಾಳದ ಮೂಲಕ ಪುಟ್ಟ ಬಲೂನನ್ನು ಹೃದಯಕ್ಕೆ ಕಳಿಸಿ, ಅಲ್ಲಿ ಉಬ್ಬಿಸಿ, ಕವಾಟವನ್ನು ಅಗಲ ಮಾಡುವ ವಿಧಾನವನ್ನು ಜಗತ್ತಿಗೆ ತೋರಿಸಿಕೊಟ್ಟರು. ಮಂಜುನಾಥರು ಈ ಬಲೂನು ಚಿಕಿತ್ಸೆಯಲ್ಲಿ ಪಳಗಿ, ಅದರಲ್ಲಿ ತಮ್ಮದೇ ಒಂದು ಕ್ರಮವನ್ನೂ ರೂಪಿಸಿದರು.

2007ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಸಂಸ್ಥೆಯ ನಿರ್ದೇಶಕರಾಗಿ, 2024ರ ಜನವರಿ 31ರವರೆಗೆ ಆ ಹುದ್ದೆಯಲ್ಲಿದ್ದರು. ಅವರು ವಹಿಸಿಕೊಂಡಾಗ ಮುನ್ನೂರರ ಆಸುಪಾಸಿನಲ್ಲಿದ್ದ ಹಾಸಿಗೆಗಳು, ಬೆಂಗಳೂರು, ಮೈಸೂರು, ಕಲಬುರಗಿ ಮೂರೂ ಸೇರಿ, ಬಿಟ್ಟಾಗ ಸುಮಾರು ಎರಡು ಸಾವಿರವಾಗಿದ್ದವು. 2021ರಲ್ಲಿ ಇನ್ಫೋಸಿಸ್ ಪ್ರತಿಷ್ಠಾನ 350 ಹಾಸಿಗೆಗಳ ಕಟ್ಟಡವನ್ನೇ ಕಟ್ಟಿಸಿಕೊಟ್ಟಿತು. "ಮೊದಲು ಚಿಕಿತ್ಸೆ, ಆಮೇಲೆ ಹಣ" ಎಂಬುದು ಅಲ್ಲಿಯ ಧೋರಣೆಯೆಂದು ಹೆಸರಾಯಿತು. ಸರ್ಕಾರಿ ಸಂಸ್ಥೆಯನ್ನು ಚೊಕ್ಕಟವಾಗಿ ನಡೆಸಬಹುದೆಂಬ ನಂಬಿಕೆಯನ್ನು ಅವರು ಜನರಲ್ಲಿ ಹುಟ್ಟಿಸಿದರು. ಇಷ್ಟನ್ನು ಒಪ್ಪಿಕೊಳ್ಳಲು ಅವರ ಪಕ್ಷವನ್ನು ಒಪ್ಪಬೇಕಾಗಿಲ್ಲ.

ಇನ್ನು ರಾಜಕೀಯದ ಮಾತು. ಮಂಜುನಾಥರು ಮಾಜಿ ಪ್ರಧಾನಿ ಎಚ್. ಡಿ. ದೇವೇಗೌಡರ ಅಳಿಯ, ಗೌಡರ ಮಗಳು ಅನಸೂಯ ಅವರ ಪತ್ನಿ. ಮಾವನದು ಜನತಾದಳ. 2023ರ ಸೆಪ್ಟೆಂಬರಿನಲ್ಲಿ ಜನತಾದಳವೂ ಭಾಜಪವೂ ಕೂಡಿಕೊಂಡವು. ಮರುವರ್ಷದ ಮಾರ್ಚಿನಲ್ಲಿ ಮಂಜುನಾಥರು ಮಾವನ ಪಕ್ಷದಿಂದಲ್ಲ, ಭಾಜಪದ ಕಮಲದ ಗುರುತಿನಿಂದ ಬೆಂಗಳೂರು ಗ್ರಾಮಾಂತರಕ್ಕೆ ಅಭ್ಯರ್ಥಿಯಾದರು. ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ, ಕುಣಿಗಲ್ಲುಗಳ ಜೊತೆಗೆ ಬೆಂಗಳೂರಿನ ಅಂಚಿನ ಬಡಾವಣೆಗಳೂ ಸೇರಿದ ದೊಡ್ಡ ಕ್ಷೇತ್ರವದು. ಎದುರಿಗೆ ಕಾಂಗ್ರೆಸ್ಸಿನ ಡಿ. ಕೆ. ಸುರೇಶ್, 2019ರಲ್ಲಿ ಇಡೀ ರಾಜ್ಯದಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ಒಬ್ಬನೇ ಸಂಸದ, ಉಪಮುಖ್ಯಮಂತ್ರಿಗಳ ತಮ್ಮ. ಏಪ್ರಿಲ್ 26ರಂದು ಮತದಾನವಾಯಿತು. ಜೂನ್ 4ರಂದು ಎಣಿಕೆ ಮುಗಿದಾಗ ಮಂಜುನಾಥರಿಗೆ 10,79,002 ಮತಗಳು. ಗೆಲುವಿನ ಅಂತರ 2,69,647.

ಈ ಗೆಲುವು ಯಾರದು? ವೈದ್ಯನದೋ, ಅಳಿಯನದೋ, ಕೂಟದ್ದೋ, ಪಕ್ಷದ್ದೋ? ಇತಿಹಾಸದ ವಿದ್ಯಾರ್ಥಿ ಒಂದೇ ಕಾರಣವನ್ನು ಹಿಡಿದು ಕೂರಬಾರದೆಂದು ನಿಮಗೆಲ್ಲ ಕಲಿಸಿದ್ದೇನೆ. ಎರಡು ಪಕ್ಷಗಳ ಮತ ಒಂದಾದದ್ದು ದೊಡ್ಡ ಕಾರಣ. ಆದರೆ ಆ ಎರಡು ಪಕ್ಷಗಳನ್ನು ಒಂದು ಮಾಡುವ ಅಭ್ಯರ್ಥಿಯಾಗಿ ಅವರನ್ನೇ ಆರಿಸಿದ್ದು ಏಕೆ? ಊರೂರಿನಲ್ಲಿ ಒಬ್ಬರಾದರೂ "ನಮ್ಮಪ್ಪನ ಎದೆ ನೋಡಿದ ಡಾಕ್ಟ್ರು" ಎಂದು ಹೇಳುವವರು ಇದ್ದುದರಿಂದ. ದವಾಖಾನೆಯಲ್ಲಿ ಹುಟ್ಟಿದ ನಂಬಿಕೆ ಮತಪೆಟ್ಟಿಗೆಗೆ ವರ್ಗವಾಯಿತು.

ಈಗ ಅಫಿಡವಿಟ್ಟಿಗೆ ಬರೋಣ. ಅದರ ಪ್ರಕಾರ ಮಂಜುನಾಥರ ಸ್ವಂತ ಹೆಸರಿನಲ್ಲಿ ಇದ್ದದ್ದು ಸುಮಾರು 43 ಕೋಟಿ ರೂಪಾಯಿಗಳ ಆಸ್ತಿ. ಅದರಲ್ಲಿ ಹೆಚ್ಚಿನ ಪಾಲು ಸ್ಥಿರಾಸ್ತಿ, ಎಂದರೆ ಭೂಮಿ ಮತ್ತು ಕಟ್ಟಡ. ಪತ್ನಿಯ ಹೆಸರಿನಲ್ಲಿ ಅದಕ್ಕಿಂತ ಹೆಚ್ಚು, ಸುಮಾರು 52 ಕೋಟಿ. ಅವಿಭಕ್ತ ಕುಟುಂಬದ ಲೆಕ್ಕವೂ ಸೇರಿ ಒಟ್ಟು ಸುಮಾರು 98 ಕೋಟಿ ಎಂದು ಪತ್ರಿಕೆಗಳು ಬರೆದವು. ಇಬ್ಬರ ಹೆಸರಿನಲ್ಲೂ ಕೋಟಿಗಳ ಸಾಲವೂ ಇತ್ತು. ಎದುರಾಳಿ ಸುರೇಶರು ಘೋಷಿಸಿದ್ದು ಸುಮಾರು 593 ಕೋಟಿ. ಎಡಿಆರ್ ಲೆಕ್ಕದ ಪ್ರಕಾರ 2024ರಲ್ಲಿ ಗೆದ್ದ 543 ಲೋಕಸಭಾ ಸದಸ್ಯರಲ್ಲಿ 504 ಮಂದಿ ಕೋಟ್ಯಧಿಪತಿಗಳು. ಸರಾಸರಿ ಆಸ್ತಿ 46.34 ಕೋಟಿ.

ಈ ಅಂಕಿಗಳನ್ನು ಮೊದಲ ಸಲ ಓದಿದಾಗ, ಸುಳ್ಳೇಕೆ ಹೇಳಲಿ, ನನ್ನ ಮನಸ್ಸಿನಲ್ಲಿ ಒಂದು ಕಹಿ ಎದ್ದಿತು. ಒಂದೇ ಕಾಲದಲ್ಲಿ ಹುಟ್ಟಿ ಇಬ್ಬರೂ ಸರ್ಕಾರದ ಸಂಬಳ ತಿಂದವರು. ಅವರದ್ದು ಅಷ್ಟು, ನನ್ನದು ಮೂರು ಎಕರೆ! ಆದರೆ ಅಸೂಯೆ ಓದಿದಂತೆ ಓದುವುದು ದಾಖಲೆಯನ್ನು ಓದುವ ಕ್ರಮವಲ್ಲ. ಆದ್ದರಿಂದ ಮರುದಿನ ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಹಾಗೆ ಓದುವಾಗ ಗಮನಿಸಬೇಕಾದ ನಾಲ್ಕು ಮಾತುಗಳನ್ನು ನಿಮಗೂ ಹೇಳುತ್ತೇನೆ.

ಮೊದಲನೆಯದು, ಬೆಲೆ ಮತ್ತು ಗಳಿಕೆ ಒಂದೇ ಅಲ್ಲ. ಅಫಿಡವಿಟ್ಟಿನಲ್ಲಿ ಭೂಮಿಯನ್ನು ಕೊಂಡ ದರವೂ ಇರುತ್ತದೆ, ಈಗಿನ ಅಂದಾಜು ದರವೂ ಇರುತ್ತದೆ. ಒಟ್ಟು ಮೊತ್ತಕ್ಕೆ ಸೇರುವುದು ಈಗಿನ ದರ. ಮೂವತ್ತು ವರ್ಷದ ಹಿಂದೆ ಬೆಂಗಳೂರಿನ ಸುತ್ತ ನಿವೇಶನ ಕೊಂಡವನು ಏನೂ ಮಾಡದೇ ಶ್ರೀಮಂತನಾಗಿರುತ್ತಾನೆ. ಅದೇ ವರ್ಷ ಹುಕ್ಕೇರಿಯಲ್ಲಿ ಕೊಂಡವನು ಆಗಿರುವುದಿಲ್ಲ. ಎರಡನೆಯದು, ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬ ಕಲಮು. ಅದನ್ನು ಬಿಟ್ಟು ಮೊತ್ತವನ್ನಷ್ಟೇ ಓದಿದರೆ ಅರ್ಧ ಓದಿದಂತೆ. ಮೂರನೆಯದು, ಸಾಲ. ಯಾರಿಂದ ಪಡೆದದ್ದು, ಮನೆಯವರಿಂದಲೋ ಬ್ಯಾಂಕಿನಿಂದಲೋ ಎಂದು ನೋಡಬೇಕು. ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ: ಒಂದು ಅಫಿಡವಿಟ್ ಒಂದು ದಿವಸದ ಚಿತ್ರ ಮಾತ್ರ. ರೋಗಿಯ ನಾಡಿಯನ್ನು ಒಂದು ಸಲ ನೋಡಿ ಜ್ವರ ಏರುತ್ತಿದೆಯೋ ಇಳಿಯುತ್ತಿದೆಯೋ ಹೇಳಲಾಗದು. ಐದು ವರ್ಷದ ಮೇಲೆ ಅದೇ ವ್ಯಕ್ತಿ ಮತ್ತೆ ನಿಂತಾಗ ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು. ಮಂಜುನಾಥರದ್ದು 2024ರದ್ದೇ ಮೊದಲ ಕಾಗದ. ಅದು ಹೇಳುವುದು ವೈದ್ಯರಾಗಿ, ಒಂದು ದೊಡ್ಡ ಮನೆತನದ ಅಳಿಯರಾಗಿ ಅವರು ಬಂದ ದಾರಿಯನ್ನು. ಸಂಸದರಾಗಿ ನಡೆಯುವ ದಾರಿಯನ್ನು ಮುಂದಿನ ಕಾಗದ ಹೇಳಬೇಕು.

ಅಫಿಡವಿಟ್ ಹೇಳದ ಮಾತುಗಳೂ ಇವೆ. ಲೋಕಸಭೆಯ ಅಭ್ಯರ್ಥಿಗೆ ನಮ್ಮ ರಾಜ್ಯದಲ್ಲಿ ಖರ್ಚಿನ ಮಿತಿಯನ್ನು 2022ರಲ್ಲಿ 95 ಲಕ್ಷಕ್ಕೆ ಏರಿಸಲಾಯಿತು. ಆದರೆ ಪಕ್ಷವು ತಾನೇ ಮಾಡುವ ಖರ್ಚಿಗೆ ಮಿತಿಯೇ ಇಲ್ಲ. ಪಕ್ಷಕ್ಕೆ ಹಣ ಕೊಟ್ಟವರ ಹೆಸರನ್ನು ಮುಚ್ಚಿಡುತ್ತಿದ್ದ ಚುನಾವಣಾ ಬಾಂಡುಗಳನ್ನು ಸುಪ್ರೀಂ ಕೋರ್ಟು 2024ರ ಫೆಬ್ರುವರಿ 15ರಂದು ರದ್ದುಮಾಡಿತು. ಅಭ್ಯರ್ಥಿಯ ಮನೆಯ ಬಂಗಾರದ ತೂಕ ನಮಗೆ ಗೊತ್ತು. ಅವನನ್ನು ನಿಲ್ಲಿಸಿದ ಪಕ್ಷದ ಹುಂಡಿ ನಮಗೆ ಅಷ್ಟಾಗಿ ಕಾಣದು. ಇದು ಎಲ್ಲ ಪಕ್ಷಗಳಿಗೂ ಸಲ್ಲುವ ಮಾತು.

ವೈದ್ಯ ಸಂಸದರ ಗಳಿಕೆಯ ಪ್ರಶ್ನೆ ಬೇರೆ ದೇಶಗಳಲ್ಲೂ ಇದೆ. ಅಮೆರಿಕೆಯ ಓಕ್ಲಹೋಮಾದ ಟಾಮ್ ಕೋಬರ್ನ್ ಎಂಬವರು ಹೆರಿಗೆ ವೈದ್ಯರು, ಕಟ್ಟಾ ಸಂಪ್ರದಾಯಶೀಲ ರಿಪಬ್ಲಿಕನ್ನರು. 2005ರಲ್ಲಿ ಸೆನೆಟ್ಟಿಗೆ ಬಂದಾಗ, ಸದಸ್ಯರಾಗಿರುವಷ್ಟು ಕಾಲ ಹಣ ಪಡೆದು ವೈದ್ಯವೃತ್ತಿ ನಡೆಸುವಂತಿಲ್ಲವೆಂದು ಅಲ್ಲಿಯ ನೀತಿ ಸಮಿತಿ ತಡೆಯಿತು. ಹೆರಿಗೆ ಮಾಡಿಸಿದರೆ ತಪ್ಪೇನು ಎಂದು ಅವರು ಜಗಳವಾಡಿದರು. ವೈದ್ಯನಿಗೆ ಹಣ ಕೊಡುವ ಕೈಯೇ ಶಾಸಕನಿಂದ ಉಪಕಾರ ಬೇಡುವ ಕೈಯೂ ಆಗಬಹುದೆಂಬ ಭಯ ಆ ನಿಯಮದ ಹಿಂದಿದೆ. ಅಲ್ಲಿ ಸದಸ್ಯರು ಆಸ್ತಿಯನ್ನು ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂದು ಬರೆದರೆ ಸಾಕು. ನಮ್ಮಲ್ಲಿ ರೂಪಾಯಿಗೆ ರೂಪಾಯಿ ಬರೆಯಬೇಕು. ಈ ಒಂದು ವಿಷಯದಲ್ಲಿ ನಮ್ಮ ಮತದಾರನಿಗೆ ಹೆಚ್ಚು ತಿಳಿಯುತ್ತದೆ ಎಂಬುದು ಸಮಾಧಾನದ ಮಾತು.

ನಮ್ಮ ರಾಜ್ಯದಲ್ಲಿ ಇದೇ ದಾರಿ ಹಿಡಿದ ಇನ್ನಿಬ್ಬರನ್ನು ಹೇಳಿ ಮುಂದೆ ಹೋಗುತ್ತೇನೆ. ಶಸ್ತ್ರಚಿಕಿತ್ಸಕ ಡಾ. ಉಮೇಶ ಜಾಧವರು ಕಾಂಗ್ರೆಸ್ಸಿನ ಶಾಸಕರಾಗಿದ್ದು, 2019ರಲ್ಲಿ ಭಾಜಪ ಸೇರಿ ಕಲಬುರಗಿಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರನ್ನು 95,452 ಮತಗಳಿಂದ ಸೋಲಿಸಿದರು, 2024ರಲ್ಲಿ ಸೋತರು. ಡಾ. ಕೆ. ಸುಧಾಕರರು ಕಾಂಗ್ರೆಸ್ಸಿನಿಂದ ಭಾಜಪಕ್ಕೆ ಬಂದು, ಕೋವಿಡ್ ಕಾಲದಲ್ಲಿ ಸಚಿವರಾಗಿ, 2023ರ ವಿಧಾನಸಭಾ ಚುನಾವಣೆಯಲ್ಲಿ ಸೋತು, 2024ರಲ್ಲಿ ಚಿಕ್ಕಬಳ್ಳಾಪುರದಿಂದ ಲೋಕಸಭೆಗೆ ಹೋದರು. ಎಂಬಿಬಿಎಸ್ ಎಂಬ ನಾಲ್ಕು ಅಕ್ಷರ ಹೆಸರಿನ ಮುಂದಿದ್ದ ಮಾತ್ರಕ್ಕೆ ಮತದಾರ ಸದಾ ಕೈಹಿಡಿಯುವುದಿಲ್ಲ ಎಂಬುದಕ್ಕೆ ಇವು ಸಾಕ್ಷಿ.

ಇನ್ನು, ಮಗನೇ, ನಿನ್ನ ಪ್ರಶ್ನೆ. ನಾನು ಈ ತಿಂಗಳೆಲ್ಲ ಯೋಚಿಸಿ ಕಂಡದ್ದು ಇಷ್ಟು. ಹರ್ಡೀಕರರು ಸಂಸತ್ತಿಗೆ ಹೋಗುವ ಇಪ್ಪತ್ಮೂರು ವರ್ಷ ಮೊದಲೇ ಘಟಪ್ರಭಾದಲ್ಲಿ ಆರೋಗ್ಯಧಾಮ ಎದ್ದಿತ್ತು. ಮಂಜುನಾಥರು ಮತ ಕೇಳಲು ಹೋಗುವ ಮೊದಲು ಜಯದೇವದಲ್ಲಿ ಮೂರೂವರೆ ದಶಕ ದುಡಿದಿದ್ದರು. ಒಬ್ಬರು ಕಾಂಗ್ರೆಸ್, ಒಬ್ಬರು ಭಾಜಪ; ಒಬ್ಬರ ಆಸ್ತಿಯನ್ನು ಕೇಳಿದವರೇ ಇಲ್ಲ, ಇನ್ನೊಬ್ಬರದು ರೂಪಾಯಿ ಲೆಕ್ಕದಲ್ಲಿ ಲೋಕಕ್ಕೆಲ್ಲ ಗೊತ್ತು. ಆದರೆ ಇಬ್ಬರೂ ಜನರ ಮುಂದೆ ಹೋದದ್ದು ಮಾಡಿ ಮುಗಿಸಿದ ಕೆಲಸವನ್ನು ಹಿಡಿದುಕೊಂಡು. ಮಾಡುತ್ತೇನೆಂಬ ಮಾತನ್ನಷ್ಟೇ ಹಿಡಿದುಕೊಂಡಲ್ಲ. ನಿನಗೀಗ ನಲವತ್ತೆರಡು ವರ್ಷ. ನಿನ್ನ ದವಾಖಾನೆಯ ಹತ್ತು ಹಾಸಿಗೆಗಳಲ್ಲಿ ಎಷ್ಟರ ಮೇಲೆ ಹಣ ಕೊಡಲಾರದವರು ಮಲಗುತ್ತಾರೆ ಎಂದು ನೀನೇ ಎಣಿಸಿ ನೋಡು. ಆ ಎಣಿಕೆ ನಿನಗೆ ತೃಪ್ತಿ ಕೊಟ್ಟರೆ ಹೋಗಬಹುದು, ಯಾವ ಪಕ್ಷವಾದರೂ ಸರಿ. ಅದು ನಿನ್ನ ಆತ್ಮಸಾಕ್ಷಿಗೆ ಬಿಟ್ಟದ್ದು.

ಆದರೆ ಹೋಗುವ ಮೊದಲು ಒಂದು ಕೆಲಸ ಮಾಡು. ಅಭ್ಯರ್ಥಿಯ ಅಫಿಡವಿಟ್ಟಿನ ನಮೂನೆಯನ್ನು ತರಿಸಿ, ಯಾವ ವಕೀಲರ ಸಹಾಯವೂ ಇಲ್ಲದೇ ನಿನ್ನ ಕೈಯಿಂದಲೇ ತುಂಬು. ಯಾವ ಕಲಮನ್ನೂ ಖಾಲಿ ಬಿಡಬೇಡ. ಅದನ್ನು ನಿನ್ನ ಅವ್ವನ ಮುಂದೆ ಕುಳಿತು ಗಟ್ಟಿಯಾಗಿ ಓದು. ಪ್ರತಿಯೊಂದು ಸಾಲಿಗೂ "ಇದು ಹ್ಯಾಂಗ ಬಂತಪಾ?" ಎಂದು ಅವಳು ಕೇಳಲಿ, ನೀನು ಉತ್ತರ ಹೇಳು. ಕೊನೆಯ ಸಾಲಿನವರೆಗೆ ಧ್ವನಿ ನಡುಗದಿದ್ದರೆ ನಿನಗೆ ನನ್ನ ಆಶೀರ್ವಾದವಿದೆ. ಐದು ವರ್ಷದ ಮೇಲೆ ಇನ್ನೊಂದು ಸಲ ಹಾಗೆಯೇ ಓದಬೇಕಾಗುತ್ತದೆ ಎಂಬುದನ್ನು ಮಾತ್ರ ಮರೆಯಬೇಡ.

ಉಳಿದ ವಿದ್ಯಾರ್ಥಿಗಳಿಗೆ ನನ್ನದೊಂದು ಮನೆಗೆಲಸ. ಇಷ್ಟು ವರ್ಷದ ಮೇಲೂ ಮೇಷ್ಟ್ರು ಮನೆಗೆಲಸ ಕೊಡುತ್ತಾರಲ್ಲ ಎಂದು ನಗಬೇಡಿ. ಮುಂದಿನ ಚುನಾವಣೆಯಲ್ಲಿ ನಿಮ್ಮ ಕ್ಷೇತ್ರದ ಅಭ್ಯರ್ಥಿಗಳಲ್ಲಿ ಕನಿಷ್ಠ ಇಬ್ಬರ ಅಫಿಡವಿಟ್ಟನ್ನು ಪೂರ್ತಿ ಓದಿರಿ. ಈಗ ಗೋಡೆಯ ಹತ್ತಿರ ಹೋಗಿ ನಿಲ್ಲಬೇಕಾಗಿಲ್ಲ. ಚುನಾವಣಾ ಆಯೋಗದ ಜಾಲತಾಣದಲ್ಲಿಯೇ ಸಿಗುತ್ತದೆ. ನಾನು ಕಿಟಕಿಯ ಸೀಟಿಗಾಗಿ ಓಡಿದಂತೆ ನೀವು ಓಡಬೇಡಿ.

ಎಲ್ಲರಿಗೂ ಶುಭವಾಗಲಿ.